ಏರು ತೋಟಕ್ಕೆ ಹೊಸ ಪಿಕಪ್: ಡೀಸೆಲ್ ತಗೊಳ್ಳಲಾ, ಪೆಟ್ರೋಲ್ ತಗೊಳ್ಳಲಾ?

ಗೋಣಿಬೀಡು_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮದು ಮೂಡಿಗೆರೆ ತಾಲ್ಲೂಕು, ಗೋಣಿಬೀಡಿನ ಹತ್ತಿರ. ಎಂಟು ಎಕರೆ ರೋಬಸ್ಟಾ ಕಾಫಿ, ಮರಗಳಿಗೆ ಹಬ್ಬಿಸಿದ ಮೆಣಸು, ಒಂದಿಷ್ಟು ಅಡಿಕೆ. ಹದಿನಾಲ್ಕು ವರ್ಷ ಓಡಿಸಿದ ಹಳೆ ಡೀಸೆಲ್ ಪಿಕಪ್ ಮಳೆಗೆ ತುಕ್ಕು ಹಿಡಿದು ಚಾಸಿಸ್ಸೇ ಹೋಯಿತು. ಹೋದ ತಿಂಗಳು ಕೊಟ್ಟುಬಿಟ್ಟೆ. ಕೊಯ್ಲು ಶುರುವಾಗೋದರೊಳಗೆ ಹೊಸದು ಬರಬೇಕು.

ಓಡಾಟ ಹೀಗಿದೆ. ಮನೆಯಿಂದ ತೋಟಕ್ಕೆ ಮೂರು ಕಿಲೋಮೀಟರ್. ಕೊನೆಯ ಅರ್ಧ ಕಿಲೋಮೀಟರ್ ಮಣ್ಣು ರಸ್ತೆ, ಕಲ್ಲು ಹಾಸಿದೆ, ಎರಡು ಕಡೆ ಪೂರ್ತಿ ಸುತ್ತಿ ಬರೋ ತಿರುವು, ಒಳ್ಳೇ ಏರು. ದಿನಕ್ಕೆ ಎರಡು ಮೂರು ಸಲ ಹೋಗಿ ಬರೋದು. ವಾರಕ್ಕೆರಡು ಸಲ ಮೂಡಿಗೆರೆ, ತಿಂಗಳಿಗೆ ಒಂದೋ ಎರಡೋ ಸಲ ಚಿಕ್ಕಮಗಳೂರು. ಎಲ್ಲ ಸೇರಿ ವರ್ಷಕ್ಕೆ 8,000 ಕಿಲೋಮೀಟರ್ ದಾಟಲ್ಲ.

ಎರಡು ಕೊಟೇಶನ್ ಕೈಯಲ್ಲಿದೆ. ಒಂದು ಮಾರುತಿ ಸೂಪರ್ ಕ್ಯಾರಿ, 1.2 ಲೀಟರ್ ಪೆಟ್ರೋಲ್, 740 ಕೆಜಿ ಹೊರುತ್ತೆ ಅಂತಾರೆ. ರಸ್ತೆಗಿಳಿಯೋ ಹೊತ್ತಿಗೆ ಆರು ಲಕ್ಷದ ಆಸುಪಾಸು. ಇನ್ನೊಂದು ಬೊಲೆರೊ ಪಿಕಪ್, 2.5 ಲೀಟರ್ ಡೀಸೆಲ್, 1.3 ಟನ್. ಹತ್ತು ಲಕ್ಷ. ನಮ್ಮ ಭಾವ ಕಣ್ಣು ಮುಚ್ಚಿಕೊಂಡು ಡೀಸೆಲ್ ತಗೋ ಅಂತಾರೆ. ಮಗ ಪೆಟ್ರೋಲ್ ಅಂತಾನೆ. ಮನೇಲಿ ದಿನಾ ಇದೇ ಮಾತು. ಓಡಿಸಿ ಗೊತ್ತಿರೋರು ಹೇಳಿ.

ಕಡೂರು_ಈರುಳ್ಳಿ

ಡೀಸೆಲ್. ಇದರಲ್ಲಿ ಯೋಚನೆ ಮಾಡೋದೇನಿದೆ? ಲೋಡು ಹೊರೋ ಗಾಡಿಗೆ ಪೆಟ್ರೋಲ್ ಹಾಕಿದರೆ ಬಂಕ್‌ಗೆ ದುಡಿಯಬೇಕು ಅಷ್ಟೇ. ಲೀಟರಿಗೆ ಹತ್ತು ಹನ್ನೆರಡು ರೂಪಾಯಿ ವ್ಯತ್ಯಾಸ ಇದೆ.

ಆಲೂರು_ಶುಂಠಿ

ಅಣ್ಣ, ನೀವು ಹೋಲಿಸ್ತಿರೋದು ಡೀಸೆಲ್ಲು ಪೆಟ್ರೋಲು ಅಲ್ಲ. ಸಣ್ಣ ಗಾಡಿ ಮತ್ತೆ ದೊಡ್ಡ ಗಾಡಿ. ಒಂದು 740 ಕೆಜಿ, ಇನ್ನೊಂದು ಅದರ ಹತ್ತಿರ ಹತ್ತಿರ ಎರಡರಷ್ಟು. ಮುಕ್ಕಾಲು ಟನ್ ಒಳಗೆ ಬೇಕು ಅಂದ್ರೆ ಪೆಟ್ರೋಲ್ ಸಿಗುತ್ತೆ, ಟಾಟಾ ಏಸ್‌ನಲ್ಲೂ ಇದೆ. ಟನ್ ಮೇಲೆ ಹೋದ್ರೆ ಹೆಚ್ಚುಕಮ್ಮಿ ಡೀಸೆಲ್ಲೇ, ಇಲ್ಲಾಂದ್ರೆ ಸಿಎನ್‌ಜಿ. ಹಾಗಾಗಿ ಮೊದಲು ಎಷ್ಟು ಹೊರಬೇಕು ಅಂತ ನೋಡಿ. ಎಂಜಿನ್ ಯಾವುದು ಅನ್ನೋದು ಆಮೇಲೆ ತಾನಾಗೇ ಬರುತ್ತೆ.

ಕಡೂರು_ಈರುಳ್ಳಿ

ಒಪ್ಪಿದೆ. ಆದ್ರೂ ದೊಡ್ಡದು ಇದ್ರೆ ಯಾವತ್ತಾದ್ರೂ ಉಪಯೋಗಕ್ಕೆ ಬರುತ್ತೆ. ಸಣ್ಣದು ತಗೊಂಡು ಆಮೇಲೆ ಕೈ ಕೈ ಹಿಸುಕಿಕೊಂಡರೆ ಏನು ಪ್ರಯೋಜನ?

ಹಾಸನ_ಗ್ಯಾರೇಜ್

ಇಪ್ಪತ್ತೆರಡು ವರ್ಷದಿಂದ ಗಾಡಿ ರಿಪೇರಿ ಮಾಡ್ತಿದ್ದೀನಿ. ಸ್ವಲ್ಪ ಉದ್ದ ಬರೀತೀನಿ, ಪೂರ್ತಿ ಓದಿ.

ನಿಮ್ಮ ಭಾವ ಹೇಳ್ತಿರೋದು ಹಳೇ ಡೀಸೆಲ್ ವಿಷಯ. 2020ರ ಏಪ್ರಿಲ್ 1ಕ್ಕೆ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಡೀಸೆಲ್ ಗಾಡಿ ಬೇರೇನೇ ಆಗಿದೆ. ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅಂತ ಒಂದು ಫಿಲ್ಟರ್ ಇರುತ್ತೆ. ಜೇನುಗೂಡಿನ ಥರ ಸಣ್ಣ ಸಣ್ಣ ಕಿಂಡಿ. ಹೊಗೆಯಲ್ಲಿರೋ ಮಸಿಯನ್ನ ಅದು ಹಿಡಿದಿಟ್ಟುಕೊಳ್ಳುತ್ತೆ. ತುಂಬಿದ ಮೇಲೆ ಆ ಮಸಿಯನ್ನ ಅಲ್ಲೇ ಸುಟ್ಟು ಖಾಲಿ ಮಾಡಬೇಕು. ಅದಕ್ಕೆ ಆ ಫಿಲ್ಟರ್ 550–600 ಡಿಗ್ರಿ ಬಿಸಿ ಆಗಬೇಕು. ಹೈವೇನಲ್ಲಿ ಒಂದೇ ಸಮ ಹದಿನೈದು ಇಪ್ಪತ್ತು ನಿಮಿಷ ಓಡಿಸಿದರೆ ತಾನೇ ಸುಟ್ಟುಕೊಳ್ಳುತ್ತೆ. ಡ್ರೈವರ್‌ಗೆ ಗೊತ್ತೂ ಆಗಲ್ಲ.

ಮೂರು ಕಿಲೋಮೀಟರ್ ಹೋಗಿ ಆಫ್ ಮಾಡಿ, ಎರಡು ಗಂಟೆ ಬಿಟ್ಟು ಮತ್ತೆ ಮೂರು ಕಿಲೋಮೀಟರ್ ಬಂದರೆ? ಎಂಜಿನ್ ಕಾಯೋದೇ ಇಲ್ಲ. ಸುಡೋಕೆ ಶುರು ಮಾಡಿರುತ್ತೆ, ಅಷ್ಟರಲ್ಲಿ ನೀವು ಚಾವಿ ತಿರುಗಿಸಿರ್ತೀರ. ಮಸಿ ಹಾಗೇ ಉಳಿಯುತ್ತೆ. ಇನ್ನೊಂದು ತೊಂದರೆ ಇದೆ. ಫಿಲ್ಟರ್ ಬಿಸಿ ಮಾಡೋಕೆ ಅಂತ ಎಂಜಿನ್ ಸ್ವಲ್ಪ ಡೀಸೆಲ್ ಜಾಸ್ತಿ ಚಿಮ್ಮಿಸುತ್ತೆ. ಕೆಲವು ಎಂಜಿನ್‌ಗಳಲ್ಲಿ ಅದರಲ್ಲಿ ಒಂದಷ್ಟು ಸಿಲಿಂಡರ್ ಗೋಡೆ ಮೇಲೆ ಇಳಿದು ಎಂಜಿನ್ ಆಯಿಲ್‌ಗೆ ಸೇರುತ್ತೆ. ಆಯಿಲ್ ತೆಳ್ಳಗಾಗುತ್ತೆ, ಬೇರಿಂಗ್ ಸವೆಯುತ್ತೆ.

ನಿಮ್ಮ ಓಡಾಟ ನೋಡಿದರೆ ನನಗೆ ಭಯ ಆಗ್ತಿರೋದು ಇದೇ. ಏರು ಅಲ್ಲ.

ಕಡೂರು_ಈರುಳ್ಳಿ

ನನ್ನದೂ ಬಿಎಸ್6 ಡೀಸೆಲ್ಲೇ. ಮೂರು ವರ್ಷ ಆಯಿತು. ಫಿಲ್ಟರ್ ತುಂಬಿದೆ ಅನ್ನೋ ಲೈಟ್ ಒಂದು ದಿನವೂ ಬಂದಿಲ್ಲ. ಸುಮ್ನೆ ಹೆದರಿಸ್ಬೇಡಿ ಸಾರ್.

ಹಾಸನ_ಗ್ಯಾರೇಜ್

ನಿಮ್ಮ ಈರುಳ್ಳಿ ಎಲ್ಲಿಗೆ ಹೋಗುತ್ತೆ ಹೇಳಿ?

ಕಡೂರು_ಈರುಳ್ಳಿ

ಯಶವಂತಪುರ. ಸೀಸನ್‌ನಲ್ಲಿ ವಾರಕ್ಕೆ ಮೂರು ಲೋಡು. ಉಳಿದ ದಿನ ಅರಸೀಕೆರೆ, ತಿಪಟೂರು ಕಡೆ ಬಾಡಿಗೆ.

ಹಾಸನ_ಗ್ಯಾರೇಜ್

ಅದಕ್ಕೇ ಲೈಟ್ ಬಂದಿಲ್ಲ. ಕಡೂರಿಂದ ಬೆಂಗಳೂರಿಗೆ 200 ಕಿಲೋಮೀಟರ್ ಮೇಲೆ ಒಂದೇ ಸಮ ಓಡುತ್ತೆ. ನಿಮಗೆ ಡೀಸೆಲ್ಲೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಗೋಣಿಬೀಡಿನವರು ನಿಮ್ಮ ಹಾಗೆ ಓಡಿಸಲ್ಲ ಅಲ್ವಾ?

ಬೇಲೂರು_ಹಾಲು

ಗ್ಯಾರೇಜ್ ಸಾರ್ ಹೇಳಿದ್ದು ನೂರಕ್ಕೆ ನೂರು ನಿಜ, ನಾನು ಅನುಭವಿಸಿದ್ದೀನಿ. ಬೆಳಿಗ್ಗೆ ಸಂಜೆ ಹಾಲಿನ ಕ್ಯಾನ್ ಹೊಡೀತೀನಿ. ಒಂದು ಕಿಲೋಮೀಟರ್‌ಗೆ ಒಂದು ನಿಲ್ಲಿಸೋದು. ಹೊಸ ಡೀಸೆಲ್ ಗಾಡಿ ತಗೊಂಡ ಏಳನೇ ತಿಂಗಳಿಗೆ ಹಳದಿ ಲೈಟ್ ಬಂತು. ಏನೋ ಸೆನ್ಸರ್ ಇರಬೇಕು ಅಂತ ಹಾಗೇ ಓಡಿಸಿದೆ. ಆಮೇಲೆ ಗಾಡಿ 40ರ ಮೇಲೆ ಹೋಗೋದೇ ನಿಂತಿತು, ಎಷ್ಟು ತುಳಿದರೂ ಅಷ್ಟೇ. ಶೋರೂಮ್‌ನಲ್ಲಿ ಆಯಿಲ್ ಕಡ್ಡಿ ತೆಗೆದು ತೋರಿಸಿದರು. ಮೇಲಿನ ಗುರುತು ದಾಟಿ ಒಂದು ಬೆರಳು ಜಾಸ್ತಿ ಇತ್ತು. ನಾನು ಆಯಿಲ್ ಹಾಕೇ ಇರಲಿಲ್ಲ! ಬೆರಳಿಗೆ ಹಚ್ಚಿಕೊಂಡು ಮೂಸಿದರೆ ಡೀಸೆಲ್ ವಾಸನೆ. ನೀರಿನ ಥರ ಜಾರಿಹೋಗ್ತಿತ್ತು.

ವಾರಂಟಿಗೆ ಬರಲ್ಲ, ನೀವು ಓಡಿಸಿದ ರೀತಿ ಸರಿಯಿಲ್ಲ ಅಂದರು. ತಗೊಳ್ಳುವಾಗ ನಾನು ಹಾಲಿನ ರೂಟ್‌ಗೆ ಅಂತ ಹೇಳೇ ತಗೊಂಡಿದ್ದೆ. ಆಗ ಒಬ್ಬರೂ ಈ ಮಾತು ಎತ್ತಲಿಲ್ಲ. ಈಗ ಭಾನುವಾರ ಭಾನುವಾರ ಖಾಲಿ ಗಾಡಿಯಲ್ಲಿ ಹಾಸನದವರೆಗೆ ಹೋಗಿ ಬರ್ತೀನಿ, ಫಿಲ್ಟರ್ ಸುಡಲಿ ಅಂತ.

ಅರಸೀಕೆರೆ_ತೆಂಗು

ಫಿಲ್ಟರ್ ಕಿತ್ತು ಬಿಸಾಕಿ ಪೈಪ್ ಹಾಕಿಸಿಕೊಂಡರೆ ಆಯ್ತಪ್ಪ. ಎಷ್ಟೋ ಜನ ಮಾಡಿಸಿದ್ದಾರೆ.

ಹಾಸನ_ಗ್ಯಾರೇಜ್

ದಯವಿಟ್ಟು ಆ ಸಲಹೆ ಕೊಡಬೇಡಿ. ಅದು ಕಾನೂನಿಗೆ ವಿರುದ್ಧ, ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ತಪಾಸಣೆಗೆ) ಹೋದಾಗ ಸಿಕ್ಕಿಬೀಳ್ತೀರ, ವಾರಂಟಿ ಹೋಗುತ್ತೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಮಸಿ ಕುಡಿಯೋರು ಗಾಡಿ ಹಿಂದೆ ನಿಂತು ಲೋಡು ಇಳಿಸೋ ಆಳುಗಳು. ನಾನು ಎಷ್ಟು ದುಡ್ಡು ಕೊಟ್ಟರೂ ಮಾಡಲ್ಲ.

ಚಿಕ್ಕಮಗಳೂರು_ಲೆಕ್ಕ

ಎಲ್ಲರೂ ಬಾಯಲ್ಲೇ ಹೇಳ್ತಿದ್ದೀರ. ನಾನು ಲೆಕ್ಕ ಹಾಕ್ತೀನಿ.

ಪೆಟ್ರೋಲ್ 102.50, ಡೀಸೆಲ್ 91 ಅಂತ ಇಟ್ಟುಕೊಳ್ಳೋಣ. ಡೀಸೆಲ್ ಮೊದಲು ಇನ್ನೂ ಅಗ್ಗ ಇತ್ತು. ರಾಜ್ಯ ಸರ್ಕಾರ 2024ರ ಜೂನ್‌ನಲ್ಲಿ ಎರಡರ ಮೇಲೂ ತೆರಿಗೆ ಏರಿಸಿತು, 2025ರ ಏಪ್ರಿಲ್‌ನಲ್ಲಿ ಡೀಸೆಲ್ ಮೇಲೆ ಮತ್ತೆ ಏರಿಸಿ 21.17 ಪರ್ಸೆಂಟ್ ಮಾಡಿತು.

ಏರು, ಲೋಡು ಎಲ್ಲ ಸೇರಿಸಿ ಸಣ್ಣ ಪೆಟ್ರೋಲ್ ಗಾಡಿ ಲೀಟರಿಗೆ 15 ಕಿಲೋಮೀಟರ್ ಕೊಡುತ್ತೆ ಅನ್ನಿ. ಕಿಲೋಮೀಟರಿಗೆ 6.83 ರೂಪಾಯಿ. ದೊಡ್ಡ ಡೀಸೆಲ್ 12 ಕೊಟ್ಟರೆ 7.58. ಅಂದ್ರೆ 8,000 ಕಿಲೋಮೀಟರಿಗೆ ಪೆಟ್ರೋಲ್ ಗಾಡಿಗೆ ಸುಮಾರು 54,700, ಡೀಸೆಲ್ ಗಾಡಿಗೆ 60,700. ಡೀಸೆಲ್ ಗಾಡಿಗೇ ಆರು ಸಾವಿರ ಜಾಸ್ತಿ! ಲೀಟರ್ ಬೆಲೆ ಒಂದನ್ನೇ ನೋಡಿದರೆ ಹೀಗೆ ಮೋಸ ಹೋಗ್ತೀವಿ.

ಕಡೂರು_ಈರುಳ್ಳಿ

ಲೆಕ್ಕ ಅರ್ಧಕ್ಕೆ ನಿಲ್ಲಿಸಿದ್ರಿ. ದೊಡ್ಡ ಗಾಡಿ 1.3 ಟನ್ ಹೊರುತ್ತಲ್ಲ? ಒಂದು ಟನ್ನನ್ನ ಒಂದು ಕಿಲೋಮೀಟರ್ ಸಾಗಿಸೋಕೆ ಎಷ್ಟು ಅಂತ ಹಾಕಿ ನೋಡಿ.

ಚಿಕ್ಕಮಗಳೂರು_ಲೆಕ್ಕ

ಹಾಕಿದೆ. ಎರಡೂ ಪೂರ್ತಿ ಲೋಡು ಇದ್ದರೆ ಪೆಟ್ರೋಲ್ 9.23, ಡೀಸೆಲ್ 5.83. ನಿಮ್ಮ ಮಾತು ಸರಿ, ದಿನಾ ತುಂಬಿ ಓಡಿಸೋರಿಗೆ ಡೀಸೆಲ್ಲೇ ಲಾಭ.

ಆದರೆ ಗೋಣಿಬೀಡಿನವರು ದಿನಾ ತುಂಬಿಸ್ತಾರಾ? ಎಂಟು ಎಕರೆ ರೋಬಸ್ಟಾ ಅಂದ್ರೆ ಒಳ್ಳೇ ಫಸಲು ಬಂದ ವರ್ಷ 120 ಮೂಟೆ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಅಂತ ಇಟ್ಟುಕೊಳ್ಳಿ, 50 ಕೆಜಿಯದ್ದು. ಸಣ್ಣ ಗಾಡಿಗೆ 14 ಮೂಟೆ, ಒಂಬತ್ತು ಟ್ರಿಪ್ಪು. ದೊಡ್ಡದಕ್ಕೆ 26 ಮೂಟೆ, ಐದು ಟ್ರಿಪ್ಪು. ಚಿಕ್ಕಮಗಳೂರಿನ ಕ್ಯೂರಿಂಗ್‌ಗೆ (ಸಿಪ್ಪೆ ಬಿಡಿಸೋ ಕಡೆಗೆ) ನಾಲ್ಕು ಟ್ರಿಪ್ಪು ಜಾಸ್ತಿ, ಅಷ್ಟೇ. ಎರಡು ಸಾವಿರ ಚಿಲ್ಲರೆ ಖರ್ಚು. ಅದಕ್ಕಾಗಿ ನಾಲ್ಕು ಲಕ್ಷ ಜಾಸ್ತಿ ಹಾಕಬೇಕಾ?

ಹಾಗೇ ಕೊಟೇಶನ್ ಹಳೇದಾ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ.

ಸಕಲೇಶಪುರ_ಘಾಟಿ

ಲೆಕ್ಕ ಎಲ್ಲ ಸರಿ. ಏರಲ್ಲಿ ಗಾಡಿ ನಿಂತರೆ ಲೆಕ್ಕದ ಪುಸ್ತಕ ತಳ್ಳಲ್ಲ. ಎಳೆತ ನೋಡಿ. ಸೂಪರ್ ಕ್ಯಾರಿಗೆ ಸುಮಾರು 104 ಎನ್‌ಎಂ ಟಾರ್ಕ್, ಅದೂ 2,900 ಆರ್‌ಪಿಎಂಗೆ. ಬೊಲೆರೊ ಪಿಕಪ್‌ಗೆ 195–200, ಅದು 1,400ಕ್ಕೇ ಸಿಗುತ್ತೆ. ತಿರುವಲ್ಲಿ ಗಾಡಿ ನಿಧಾನ ಆದಾಗ ಡೀಸೆಲ್ ಗುರ್ ಅಂತ ಹಾಗೇ ಎಳ್ಕೊಂಡು ಹೋಗುತ್ತೆ. ಪೆಟ್ರೋಲ್‌ಗೆ ರೇಸ್ ಕೊಟ್ಟು ಕೊಟ್ಟು ಕ್ಲಚ್ ಅರ್ಧ ಒತ್ತಿ ಹತ್ತಿಸಬೇಕು. ಎರಡು ವರ್ಷಕ್ಕೆ ಕ್ಲಚ್ ಪ್ಲೇಟ್ ಹೋಗುತ್ತೆ. ಅದನ್ನೂ ಸೇರಿಸಿ ಲೆಕ್ಕಕ್ಕೆ.

ಇಳಿಯುವಾಗಲೂ ಡೀಸೆಲ್‌ನಲ್ಲಿ ಎಂಜಿನ್ ಬ್ರೇಕ್, ಅಂದ್ರೆ ಎಂಜಿನ್ನೇ ಗಾಡಿ ಹಿಡಿಯೋದು, ಚೆನ್ನಾಗಿರುತ್ತೆ. ಶಿರಾಡಿಯಲ್ಲಿ ಇಪ್ಪತ್ತು ವರ್ಷ ಓಡಿಸಿದ್ದೀನಿ.

ಹಾಸನ_ಗ್ಯಾರೇಜ್

ಏರಿನ ಮಾತು ಒಪ್ಪಿದೆ. ಇಳಿಯೋದರ ಬಗ್ಗೆ ಒಂದು ತಿದ್ದುಪಡಿ. ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಎಂಜಿನ್‌ನಲ್ಲಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತೆ, ಅದೇ ಹಿಡಿತ ಕೊಡೋದು. ಮಾಮೂಲಿ ಡೀಸೆಲ್‌ನಲ್ಲಿ ಗಾಳಿ ಹಾಗೆ ಕಟ್ಟಾಗಲ್ಲ. ದೊಡ್ಡ ಲಾರಿಗಳಿಗೆ ಎಕ್ಸಾಸ್ಟ್ ಬ್ರೇಕ್ ಬೇರೆ ಇಟ್ಟಿರೋದು ಅದಕ್ಕೇ. ಯಾವ ಎಂಜಿನ್ ಆದ್ರೂ ಹತ್ತಿದ ಗೇರಲ್ಲೇ ಇಳೀಬೇಕು.

ಸಕಲೇಶಪುರ_ಘಾಟಿ

ಹತ್ತಿದ ಗೇರಲ್ಲೇ ಇಳೀಬೇಕು. ನಮ್ಮಪ್ಪ ಹೇಳಿಕೊಟ್ಟ ಮೊದಲನೇ ಪಾಠ ಅದು. ಅದರಲ್ಲಿ ತಕರಾರಿಲ್ಲ.

ಅರಸೀಕೆರೆ_ತೆಂಗು

ಡೀಸೆಲ್ ಗಾಡಿಗೆ ಹತ್ತೇ ವರ್ಷ ಅಂತೆ? ಆಮೇಲೆ ಗುಜರಿಗೆ ಹಾಕಬೇಕಂತೆ. ವಾಟ್ಸಾಪ್‌ನಲ್ಲಿ ಬಂದಿತ್ತು.

ಚಿಕ್ಕಮಗಳೂರು_ಲೆಕ್ಕ

ಅದು ದೆಹಲಿ ಮತ್ತೆ ಸುತ್ತಮುತ್ತಲ ಜಾಗಕ್ಕೆ. ಕರ್ನಾಟಕದಲ್ಲಿ ಆ ನಿಯಮ ಇಲ್ಲ. ಇಲ್ಲಿ ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ವರ್ಷ ವರ್ಷ. ಮಾರೋಕೆ ಹೋದರೂ ನಮ್ಮ ಕಡೆ ಹಳೇ ಡೀಸೆಲ್ ಪಿಕಪ್‌ಗೆ ಗಿರಾಕಿ ಬೇಗ ಸಿಗ್ತಾರೆ. ಇದು ಡೀಸೆಲ್ ಪರ ಇರೋ ಮಾತು, ಹೇಳಲೇಬೇಕು.

ಬಣಕಲ್_ಮೆಣಸು

ಪೆಟ್ರೋಲ್ ತಗೊಳ್ಳೋರು ಎಥೆನಾಲ್ ವಿಷಯ ಮರೀಬೇಡಿ. ಈಗ ಬಂಕ್‌ನಲ್ಲಿ ಸಿಗೋದು ಇ20, ನೂರಕ್ಕೆ ಇಪ್ಪತ್ತು ಭಾಗ ಎಥೆನಾಲ್. ಅದರಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಹಾಗಾಗಿ ಮೈಲೇಜ್ ಸ್ವಲ್ಪ ಬೀಳುತ್ತೆ. ಹೊಸ ಗಾಡಿಗಳನ್ನ ಅದಕ್ಕೆ ತಕ್ಕ ಹಾಗೆ ಮಾಡಿರ್ತಾರೆ, ರಬ್ಬರ್ ಪೈಪ್ ಹಾಳಾಗೋ ಭಯ ಇಲ್ಲ. ಆದರೆ ಎಥೆನಾಲ್ ನೀರು ಎಳೆಯುತ್ತೆ. ಜುಲೈ ಆಗಸ್ಟ್‌ನಲ್ಲಿ ನಮ್ಮ ಕಡೆ ಮಳೆ ಹೇಗೆ ಅಂತ ಗೊತ್ತಲ್ಲ. ವಾರಗಟ್ಟಲೆ ಗಾಡಿ ನಿಲ್ಲಿಸೋದಾದ್ರೆ ಟ್ಯಾಂಕ್ ತುಂಬಿಸಿ ನಿಲ್ಲಿಸಿ, ಅರ್ಧ ಬಿಡಬೇಡಿ.

ಕೊಪ್ಪ_ಅಡಿಕೆ

ಡೀಸೆಲ್‌ಗೂ ನೀರು ಆಗಲ್ಲ. ನಮ್ಮ ತೋಟದಲ್ಲಿ ಪಂಪ್‌ಸೆಟ್‌ಗೆ ಅಂತ ಬ್ಯಾರೆಲ್‌ನಲ್ಲಿ ಡೀಸೆಲ್ ಇಡ್ತೀವಿ. ಹೋದ ಮಳೆಗಾಲ ಅವಸರಕ್ಕೆ ಅದನ್ನೇ ಪಿಕಪ್‌ಗೆ ಹಾಕಿದೆ. ಮಾರನೇ ದಿನ ಏರಲ್ಲಿ ಜರ್ಕ್ ಹೊಡೆಯೋಕೆ ಶುರು. ಮೆಕ್ಯಾನಿಕ್ ಬಂದು ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂ ಸಡಿಲ ಮಾಡಿ ಒಂದು ಗಾಜಿನ ಲೋಟಕ್ಕೆ ಬಿಟ್ಟರು. ಎರಡು ನಿಮಿಷಕ್ಕೆ ಬೇರೆ ಬೇರೆ ಆಯಿತು. ಮೇಲೆ ಹಳದಿ ಡೀಸೆಲ್, ಕೆಳಗೆ ಎರಡು ಬೆರಳು ನೀರು, ತಳದಲ್ಲಿ ಕೆಂಪು ತುಕ್ಕಿನ ಪುಡಿ. ಹಳೇ ಎಂಜಿನ್ ಆಗಿದ್ರೆ ಕೆಮ್ಮಿಕೊಂಡು ಓಡ್ತಿತ್ತು. ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಜೋರು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸೋ ಇಂಜೆಕ್ಟರ್‌ಗಳು ಅದನ್ನ ತಡೆಯಲ್ಲ. ಎರಡು ಇಂಜೆಕ್ಟರ್ ಬದಲಾಯಿಸಬೇಕಾಯಿತು.

ಮೂಡಿಗೆರೆ_ಶಾಲೆಮನೆ

ವಿಷಯ ಬೇರೆ, ಆದ್ರೂ ಕೇಳ್ತೀನಿ. ಪಿಕಪ್ ಓಡಿಸೋಕೆ ಕಾರ್ ಲೈಸೆನ್ಸ್ ಸಾಕಾ, ಬ್ಯಾಡ್ಜ್ ಬೇಕಾ?

ಚಿಕ್ಕಮಗಳೂರು_ಲೆಕ್ಕ

ಸಾಕು. 7,500 ಕೆಜಿ ಒಳಗಿನ ಸರಕು ಗಾಡಿಗೆ ಎಲ್‌ಎಂವಿ ಲೈಸೆನ್ಸ್ (ಕಾರಿಗೆ ಕೊಡೋ ಲಘು ವಾಹನದ್ದೇ) ಸಾಕು ಅಂತ ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿತ್ತು. 2024ರ ನವೆಂಬರ್‌ನಲ್ಲಿ ಐದು ನ್ಯಾಯಮೂರ್ತಿಗಳ ಪೀಠ ಅದನ್ನೇ ಗಟ್ಟಿ ಮಾಡಿತು. ಇನ್ನೊಂದು, ಲೋಡು ಸೇರಿ ಒಟ್ಟು ತೂಕ 3,000 ಕೆಜಿ ಒಳಗಿದ್ದರೆ ಪರ್ಮಿಟ್ ಬೇಡ. ಗಾಡಿಯ ಆರ್‌ಸಿಯಲ್ಲಿ ಒಟ್ಟು ತೂಕ ಬರೆದಿರುತ್ತೆ, ನೋಡಿಕೊಳ್ಳಿ.

ಸಕಲೇಶಪುರ_ಘಾಟಿ

ಇದರ ಜೊತೆ ಒಂದು ವಿನಂತಿ. ಹಿಂದೆ ಆಳುಗಳನ್ನ ನಿಲ್ಲಿಸಿಕೊಂಡು ಹೋಗಬೇಡಿ. ಕೊಯ್ಲಿನ ಸಮಯದಲ್ಲಿ ಲೈನ್ ಮನೆಯಿಂದ ತೋಟಕ್ಕೆ ಇಪ್ಪತ್ತು ಜನ ನಿಂತುಕೊಂಡು ಹೋಗೋದು ದಿನಾ ನೋಡ್ತೀನಿ. ಹೆಂಗಸರು, ಮಡಿಲಲ್ಲಿ ಮಕ್ಕಳು. ಗಾಡಿ ಮಗುಚಿದರೆ ಇನ್ಶೂರೆನ್ಸ್ ಕೈಬಿಡುತ್ತೆ, ಅದು ಒಂದು ಕಡೆ ಇರಲಿ. ನಾನು ಅಂಥ ಒಂದು ಗಾಡಿಯಿಂದ ಜನರನ್ನ ಎತ್ತಿ ಹೊರಗೆ ತಂದಿದ್ದೀನಿ. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಜೀಪ್ ಬಾಡಿಗೆ ಮಾಡಿ, ಎರಡು ಟ್ರಿಪ್ಪು ಹೊಡೀಲಿ.

ಗೋಣಿಬೀಡು_ತೋಟ

ಖಂಡಿತ ಅಣ್ಣ. ನಮ್ಮಲ್ಲಿ ಕೆಲಸಕ್ಕೆ ಬರೋರು ನಡೆದೇ ಬರ್ತಾರೆ. ಗಾಡಿಯಲ್ಲಿ ಮಾಲು ಮಾತ್ರ.

ಆಲೂರು_ಶುಂಠಿ

ಆನೆ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಡೆ ಸಂಜೆ ಮೇಲೆ ಗಾಡಿ ತೆಗೆಯೋದೇ ಕಷ್ಟ. ಒಂದು ರಾತ್ರಿ ತಿರುವಲ್ಲೇ ಎದುರು ನಿಂತಿತ್ತು. 200 ಮೀಟರ್ ರಿವರ್ಸ್‌ನಲ್ಲೇ ಬಂದೆ, ಕೈ ನಡುಗ್ತಿತ್ತು. ಅವತ್ತಿಂದ ಉದ್ದ ಗಾಡಿ ಬೇಡ ಅನ್ನಿಸಿದೆ. ಸಣ್ಣ ರಸ್ತೆಯಲ್ಲಿ ತಿರುಗಿಸೋಕೆ ಆಗೋ ಗಾಡಿ ಬೇಕು.

ಹಾಸನ_ಗ್ಯಾರೇಜ್

ಗೋಣಿಬೀಡಿನವರಿಗೆ ಒಂದು ಪ್ರಶ್ನೆ ಕೇಳೋದು ಮರೆತಿದ್ದೆ. ನಿಮ್ಮ ತೋಟ ಮನೆಗಿಂತ ಮೇಲಿದೆಯೋ ಕೆಳಗಿದೆಯೋ?

ಗೋಣಿಬೀಡು_ತೋಟ

ಮೇಲೆ. ಮನೆ, ಕಣ ಎರಡೂ ಕೆಳಗಿದೆ.

ಹಾಸನ_ಗ್ಯಾರೇಜ್

ಹಾಗಾದ್ರೆ ನಿಮ್ಮ ಕಾಫಿ ಹಣ್ಣು ಇಳಿದು ಬರುತ್ತೆ. ಲೋಡು ಹತ್ತೋದು ಗೊಬ್ಬರ, ಸುಣ್ಣ ಹಾಕೋವಾಗ ಮಾತ್ರ. ವರ್ಷಕ್ಕೆ ಎಷ್ಟು ದಿನ?

ಗೋಣಿಬೀಡು_ತೋಟ

ಹತ್ತು ದಿನ. ಜಾಸ್ತಿ ಅಂದ್ರೆ ಹನ್ನೆರಡು. ನಾನು ಇಷ್ಟು ದಿನ ಹೀಗೆ ಯೋಚನೆ ಮಾಡೇ ಇರಲಿಲ್ಲ.

ಆಲೂರು_ಶುಂಠಿ

ನಮ್ಮದು ಇದಕ್ಕೆ ಉಲ್ಟಾ. ಶುಂಠಿ ಹಾಕೋದು ತಗ್ಗಿನ ಗದ್ದೆಯಲ್ಲಿ, ಮನೆ ಮೇಲೆ. ಕಿತ್ತ ಹಸಿ ಶುಂಠಿ ಮೂಟೆ ಎಲ್ಲ ಏರಿ ಬರಬೇಕು, ಅಲ್ಲಿಂದ ಹಾಸನಕ್ಕೆ ನಲವತ್ತು ನಿಮಿಷ ಹೈವೇ. ಅದಕ್ಕೇ ನಾನು ಡೀಸೆಲ್ ಇಟ್ಟಿರೋದು, ಇನ್ನೊಂದು ತಗೊಂಡರೂ ಡೀಸೆಲ್ಲೇ.

ಹಾಸನ_ಗ್ಯಾರೇಜ್

ಸರಿಯಾಗಿದೆ. ಗೋಣಿಬೀಡಿನವರೇ, ಒಂದು ಕೆಲಸ ಮಾಡಿ. ಶೋರೂಮ್ ಮುಂದಿನ ಡಾಂಬರು ರಸ್ತೆಯಲ್ಲಿ ಟೆಸ್ಟ್ ಡ್ರೈವ್ ಮಾಡಿ ಬರಬೇಡಿ. ಡೆಮೊ ಗಾಡಿ ನಿಮ್ಮ ತೋಟಕ್ಕೇ ತರಿಸಿ. ಲೋಡು ಹಾಕಿ ಹತ್ತಿಸಿ. ನಡು ಏರಲ್ಲಿ ನಿಲ್ಲಿಸಿ ಮತ್ತೆ ಎತ್ತಿ ನೋಡಿ.

ಗೋಣಿಬೀಡು_ತೋಟ

ನಾಲ್ಕು ದಿನ ಆದ ಮೇಲೆ ಬರೀತಿದ್ದೀನಿ. ಪೆಟ್ರೋಲ್ ಗಾಡಿ ತರಿಸಿದ್ದೆ. ಹಿಂದಿನ ರಾತ್ರಿ ಮಳೆ ಬಂದು ರಸ್ತೆ ಒದ್ದೆ ಇತ್ತು, ಒಳ್ಳೇದೇ ಆಯಿತು.

ಮೊದಲು 12 ಮೂಟೆ ಪೊಟ್ಯಾಷ್ ಹಾಕಿದೆವು, 600 ಕೆಜಿ. ಜೊತೆಗೆ ನಾನು, ಶೋರೂಮಿನ ಹುಡುಗ. ಮೊದಲ ತಿರುವು ಫಸ್ಟ್ ಗೇರಲ್ಲಿ ಹತ್ತಿತು, ಆದರೆ ಎಂಜಿನ್ ಕೂಗ್ತಿತ್ತು. ಎರಡನೇ ತಿರುವಿನ ನಡುವೆ ನಿಲ್ಲಿಸಿ ಹ್ಯಾಂಡ್ ಬ್ರೇಕ್ ಹಾಕಿದೆ. ಮತ್ತೆ ಎತ್ತುವಾಗ ಅರ್ಧ ಅಡಿ ಹಿಂದಕ್ಕೆ ಜಾರಿತು. ಕ್ಲಚ್ ಸುಟ್ಟ ವಾಸನೆ ಬಂತು. ಹತ್ತೋದೇನೋ ಹತ್ತಿತು. ಆ ಹುಡುಗನ ಮುಖದಲ್ಲಿ ಬೆವರು.

ಕೆಳಗೆ ಬಂದು ನಾಲ್ಕು ಮೂಟೆ ಇಳಿಸಿದೆವು. ಎಂಟು ಮೂಟೆ, 400 ಕೆಜಿ. ಅದೇ ಜಾಗದಲ್ಲಿ ನಿಲ್ಲಿಸಿ ಎತ್ತಿದೆ. ಜಾರಲಿಲ್ಲ, ವಾಸನೆ ಇಲ್ಲ, ಆರಾಮಾಗಿ ಹೋಯಿತು. ಬರುವಾಗ 13 ಮೂಟೆ ಒಣ ಗೊಬ್ಬರ ತುಂಬಿಕೊಂಡು ಫಸ್ಟ್ ಗೇರಲ್ಲೇ ಇಳಿಸಿದೆ. ಬ್ರೇಕ್ ಮೇಲೆ ಕಾಲು ಎರಡೇ ಸಲ ಇಟ್ಟಿದ್ದು.

ಪೆಟ್ರೋಲ್ ಬುಕ್ ಮಾಡಿದೆ. ಹತ್ತುವಾಗ ಎಂಟೇ ಮೂಟೆ ಅಂತ ಮನೇಲಿ ಹೇಳಿಟ್ಟಿದ್ದೀನಿ. ಉಳಿದ ದುಡ್ಡಲ್ಲಿ ಕಣಕ್ಕೆ ಸಿಮೆಂಟ್ ಹಾಕಿಸೋದು.

ಸಕಲೇಶಪುರ_ಘಾಟಿ

ಹನ್ನೆರಡು ಮೂಟೆಗೆ ಜಾರಿತು ಅಂತ ನೀವೇ ಬರೆದಿದ್ದೀರ. ನಿಮ್ಮ ಜಾಗದಲ್ಲಿ ನಾನಿದ್ದರೆ ಈಗಲೂ ಡೀಸೆಲ್ಲೇ ತಗೋತಿದ್ದೆ. ಆದರೆ ತೋಟದಲ್ಲೇ ಹತ್ತಿಸಿ ನೋಡಿ ತಗೊಂಡ್ರಲ್ಲ, ಅದು ಇಷ್ಟ ಆಯಿತು. ಭಾವ ಏನಂದ್ರು?

ಗೋಣಿಬೀಡು_ತೋಟ

ಇನ್ನೂ ಮಾತಾಡಿಲ್ಲ. ಮುಂದಿನ ವಾರ ಹಬ್ಬಕ್ಕೆ ಬರ್ತಾರೆ. ಅವರನ್ನೇ ಕೂರಿಸಿಕೊಂಡು ಎಂಟು ಮೂಟೆ ಹತ್ತಿಸ್ತೀನಿ.

ಬೇಲೂರು_ಹಾಲು

ಗ್ಯಾರೇಜ್ ಸಾರ್, ನನ್ನ ಗಾಡಿ ಒಂದು ಸಲ ತಂದು ತೋರಿಸಬೇಕು. ಆಯಿಲ್ ಮತ್ತೆ ಗುರುತಿನ ಮೇಲೆ ಬಂದಿದೆ.

ಹಾಸನ_ಗ್ಯಾರೇಜ್

ನಾಳೆ ಬೆಳಿಗ್ಗೆ ಹಾಲು ಹಾಕಿ ಸೀದಾ ಬನ್ನಿ. ಬೇಲೂರಿಂದ ನಿಲ್ಲಿಸದೆ ಬನ್ನಿ, ಎಂಜಿನ್ ಕಾದಿರಲಿ. ಅಲ್ಲಿವರೆಗೆ ಬೇರೆ ಎಲ್ಲೂ ಓಡಿಸಬೇಡಿ.